ಹಾಲಿನ ಪ್ರೋಗ್ರಾಮ್ ಬರೆಯುವವರನ್ನು ನೋಡಲು ಡೆನ್ಮಾರ್ಕಿಗೆ

ಸುಂಕದ ಕಟ್ಟೆ

ಕೋಪನ್‌ಹೇಗನ್ ವಿಮಾನ ನಿಲ್ದಾಣದಲ್ಲಿ ಸವಣೂರಿನ ವೀಳ್ಯದೆಲೆ ಕಳೆದುಕೊಂಡ ಮೇಲೆ ಗೌಡರು ಬಹಳ ಹೊತ್ತು ಮಾತಾಡಲಿಲ್ಲ. ಒದ್ದೆ ಬಟ್ಟೆಯಲ್ಲಿ ಸುತ್ತಿ, ಮುಂಬೈಯಲ್ಲಿ ಮತ್ತೊಮ್ಮೆ ನೀರು ಚಿಮುಕಿಸಿ ತಂದ ಎಲೆ. ಸುಂಕದ ಅಧಿಕಾರಿ ಕೈಗವಸು ಹಾಕಿಕೊಂಡು ಅದನ್ನು ಎರಡು ಬೆರಳಲ್ಲಿ ಎತ್ತಿ ಕಸದ ಡಬ್ಬಿಗೆ ಹಾಕಿದ. ಸವಣೂರ ಖಾರವೆಂಬ ಕುರುಕಲು ತಿಂಡಿಯ ಪೊಟ್ಟಣವನ್ನು ಮೂಸಿ ನೋಡಿ, ಸೀನಿ, ಹಿಂದಿರುಗಿಸಿದ.

"ಎಲಿ ಏನ್ ಮಾಡ್ತಿತ್ರಿ ಇವ್ರಿಗೆ, ಆಚಾರ್ರ? ಕಚ್ತಿತ್ತೇನು?"

"ಅವ್ರ ಗಿಡಕ್ಕ ರೋಗ ಬರ್ತದಂತ್ರಿ" ಎಂದೆ.

"ಹಂಗಾರ ನಮ್ಮನ್ನ ಯಾಕ ಒಳಗ ಬಿಟ್ರು?"

ಅಷ್ಟು ಹೇಳಿ ಬಾಯಿ ಮುಚ್ಚಿದವರು ರೈಲು ಹತ್ತಿ ಕೂತ ಮೇಲೂ ತೆರೆಯಲಿಲ್ಲ. ಆ ಬೋಗಿಯಲ್ಲಿ ಬೇರೆ ಯಾರೂ ಮಾತಾಡುತ್ತಿರಲಿಲ್ಲವಾದ್ದರಿಂದ ಅವರ ಮೌನ ಎದ್ದು ಕಾಣಲಿಲ್ಲ. ಶಿಗ್ಗಾಂವಿಯಿಂದ ಹಾನಗಲ್ಲಿನ ಬಸ್ಸು ಹತ್ತಿದರೆ ಬಂಕಾಪುರ ಬರುವಷ್ಟರಲ್ಲಿ ಪಕ್ಕದವರ ಮಗಳ ಲಗ್ನದವರೆಗೆ ಮಾತು ಹೋಗಿರುತ್ತದೆ. ಇಲ್ಲಿ ಬೋಗಿ ತುಂಬಾ ಜನ. ಎಲ್ಲರೂ ಸಾವಿನ ಮನೆಯಿಂದ ಮರಳುತ್ತಿರುವ ಹಾಗೆ ಕೂತಿದ್ದರು.

ಎಂಬತ್ತರ ದಶಕದ ನಡುವಿನ ಮಾತಿದು. ಗೌಡರು ಎಂದರೆ ಮಾಸೂರಿನ ಶಿವನಗೌಡರು. ಹಾನಗಲ್ಲ, ಶಿಗ್ಗಾಂವಿ, ಸವಣೂರು, ಹಿರೇಕೆರೂರು, ಈ ನಾಲ್ಕು ತಾಲೂಕಿನ ಹಳ್ಳಿಗಳ ಹಾಲಿನ ಸಂಘಗಳಿಗೆಲ್ಲ ಸೇರಿ ಇರುವ ಒಕ್ಕೂಟದ ಅಧ್ಯಕ್ಷರು. ನಾನು ಸವಣೂರಿನ ಆಚಾರ್ಯ, ಹುಬ್ಬಳ್ಳಿಯ ದಿನಪತ್ರಿಕೆಯೊಂದರ ವರದಿಗಾರ. ಗೌಡರಿಗೆ ಇಂಗ್ಲಿಷ್ ಬರುವುದಿಲ್ಲ. ಒಕ್ಕೂಟದ ವ್ಯವಸ್ಥಾಪಕರಿಗೆ ಬರುತ್ತದೆ. ಆದರೆ ಅವರು ಹೊರಡುವ ಮೊದಲೇ ಸಹಿ ಹಾಕಲು ತಯಾರಾಗಿದ್ದರು. "ಆ ಸಾಹೇಬ್ರು ಬಂದ್ರ ಅವ್ರ ಅವ್ರ ಇಂಗ್ಲಿಷ್‌ನ್ಯಾಗ ಮುಗಿಸಿಬಿಡ್ತಾರ. ನೀವು ಅಂದಿದ್ದ ಅಂದಂಗ ಹೇಳ್ರಿ, ಸಾಕು" ಎಂದು ಗೌಡರು ನನ್ನನ್ನು ಕರೆದರು. ನಮ್ಮ ಸಂಪಾದಕರು ರಜೆ ಕೊಟ್ಟರು.

ಹೋದ ಕಾರಣ

ನಮ್ಮ ಹಳ್ಳಿಗಳಲ್ಲಿ ಹೆಂಗಸರು ಮುಂಜಾನೆ, ಸಂಜೆ ಸಂಘಕ್ಕೆ ಹಾಲು ಹಾಕುತ್ತಾರೆ. ಪ್ರತಿ ಮನೆಯ ಹಾಲಿನ ಮಾದರಿ ಸಣ್ಣ ಶೀಶೆಯಲ್ಲಿ ಹಿರೇಕೆರೂರಿಗೆ ಹೋಗುತ್ತದೆ. ಅಲ್ಲಿ ಫ್ಯಾಟ್, ಅಂದರೆ ಕೊಬ್ಬಿನ ಅಂಶ ನೋಡುತ್ತಾರೆ; ಹಾಲಿನ ದರ ಅದರ ಮೇಲೆ. ಆ ಅಂಕಿಗಳನ್ನೆಲ್ಲ ಕೈಯಿಂದ ಬರೆದು, ಕೂಡಿಸಿ, ತಿದ್ದಿ ಮತ್ತೆ ಹಳ್ಳಿಗೆ ಮುಟ್ಟಿಸುವಷ್ಟರಲ್ಲಿ ತಿಂಗಳು ಕಳೆದಿರುತ್ತದೆ. ತಿಂಗಳ ಹಿಂದೆ ನಿನ್ನ ಎಮ್ಮೆಯ ಹಾಲು ತೆಳ್ಳಗಿತ್ತು ಎಂದರೆ ಯಾವ ಹೆಣ್ಣುಮಗಳು ಒಪ್ಪುತ್ತಾಳೆ? ಶೀಶೆ ಅದಲುಬದಲಾಗಿದೆ ಎನ್ನುತ್ತಾಳೆ. ಫ್ಯಾಟ್ ನೋಡುವವನು ಬೇಕಾದವರಿಗೆ ಏರಿಸಿ ಬರೆಯುತ್ತಾನೆ ಎನ್ನುತ್ತಾಳೆ. ಸವಣೂರ ಕಡೆಯ ಎರಡು ಊರು ಆಗಲೇ ಸಂಘ ಬಿಟ್ಟು ಖಾಸಗಿ ಹಾಲಿನವನಿಗೆ ಹಾಕಲು ಶುರುಮಾಡಿದ್ದವು. ಇನ್ನು ನಾಲ್ಕೈದು ಊರು ಹೋದರೆ ಒಕ್ಕೂಟದ ಬಾಗಿಲು ಮುಚ್ಚಬೇಕಾಗುತ್ತಿತ್ತು.

ಕಂಪ್ಯೂಟರ್ ಬಂದರೆ ಫಲಿತಾಂಶ ಎರಡು ದಿನದಲ್ಲಿ ಹಳ್ಳಿಗೆ ತಲುಪುತ್ತದೆ ಎಂದು ಯಾರೋ ಹೇಳಿದರು. ಯಂತ್ರಕ್ಕೂ ಅದರ ಪ್ರೋಗ್ರಾಮಿಗೂ ನೆರವು ಕೊಡಲು ಡೆನ್ಮಾರ್ಕಿನವರು ಒಪ್ಪಿದರು. ಶರತ್ತು ಒಂದೇ: ಪ್ರೋಗ್ರಾಮನ್ನು ಅವರ ದೇಶದ ಕಂಪನಿಯೇ ಬರೆಯಬೇಕು. ಕಂಪನಿಯ ಹೆಸರನ್ನೂ ಅವರೇ ಸೂಚಿಸಿದ್ದರು. ನಾವು ಹೋಗಿ ನೋಡಿ, ಒಪ್ಪಿಗೆಯಾದರೆ ವಾರದ ಕೊನೆಯೊಳಗೆ ಸಹಿ ಮಾಡಬೇಕು. ಇಲ್ಲವಾದರೆ ನೆರವು ಬೇರೆ ಜಿಲ್ಲೆಗೆ ಹೋಗುತ್ತದೆ. ಗೌಡರು ಹೊರಡುವ ಮುಂಚೆ ಊರೂರಿನ ಕಟ್ಟೆಯ ಮೇಲೆ ಕೂತು, ಸರಿಯಾದವರನ್ನೇ ಹುಡುಕಿ ಬರುತ್ತೇನೆ ಎಂದು ಮಾತು ಕೊಟ್ಟು ಬಂದಿದ್ದರು.

ಗಾಜಿನ ಕಟ್ಟಡ

ಕಂಪನಿ ಇದ್ದದ್ದು ಕಡಲ ದಂಡೆಯ ಒಂದು ಪಟ್ಟಣದಲ್ಲಿ. ಮೂರು ಅಂತಸ್ತಿನ ಗಾಜಿನ ಕಟ್ಟಡ. ಬಿಸಿಲಿತ್ತು, ಆದರೂ ಮೇಜಿನ ಮೇಲೆ ಮೇಣದ ಬತ್ತಿ ಉರಿಯುತ್ತಿತ್ತು. ಈ ದೇಶದಲ್ಲಿ ಹಗಲು ಹೊತ್ತಿನಲ್ಲೂ ಬತ್ತಿ ಹಚ್ಚಿಡುತ್ತಾರೆ. "ಯಾರರ ಹೋಗ್ಯಾರೇನ್ರಿ?" ಎಂದು ಗೌಡರು ಪಿಸುಗುಟ್ಟಿದರು. ಅದು ಆದರದ ಗುರುತು ಎಂದು ತಿಳಿಯಲು ನಮಗೆ ಎರಡು ದಿನ ಹಿಡಿಯಿತು.

ನಿರ್ದೇಶಕರ ಹೆಸರು ಹೋಲ್ಮ್. ಎತ್ತರದ ಮನುಷ್ಯ, ಒಳ್ಳೆಯ ನಗೆ. ಪರದೆಯ ಮೇಲೆ ಹಸಿರು ಅಕ್ಷರಗಳು ಸಾಲಾಗಿ ಇಳಿದವು. ಒಂದು ಹಸುವಿನ ಸಂಖ್ಯೆ ಒತ್ತಿದರೆ ಅದರ ತಾಯಿ, ಅಜ್ಜಿ, ನಿನ್ನೆಯ ಹಾಲು, ಇವತ್ತಿನ ಹಾಲು ಎಲ್ಲ ಬರುತ್ತಿತ್ತು. ಗೌಡರು ಬೆರಗಾದರು, ಅದನ್ನು ಮುಚ್ಚಿಡಲೂ ಇಲ್ಲ. ಆಮೇಲೆ ಒಂದೊಂದೇ ಕೇಳಿದರು.

"ನಮ್ಮ ಕಡೆ ಒಂದ್ ಊರಾಗ ಎಂಟ್ ಮಂದಿ ಬಸವ್ವ ಇರ್ತಾರ, ಕೇಳ್ರಿ."

ತೊಂದರೆ ಇಲ್ಲ ಎಂದರು ಹೋಲ್ಮ್.

"ತಿಂಗಳದಾಗ ಹದಿನೈದ್ ದಿನ ಕರೆಂಟ್ ಇರಂಗಿಲ್ಲ."

ತೊಂದರೆ ಇಲ್ಲ.

"ಅಮಾಸಿ ದಿನ ಹಾಲು ಮಾರಂಗಿಲ್ಲ. ಆವತ್ತು ಕ್ಯಾನು ಖಾಲಿ ಬರ್ತಾವು."

ಇದನ್ನು ವಿವರಿಸಲು ನನಗೆ ಸ್ವಲ್ಪ ಹೊತ್ತು ಬೇಕಾಯಿತು. ಆ ಪ್ರೋಗ್ರಾಮಿನಲ್ಲಿ ಒಂದು ಹಸುವಿನ ಹಾಲು ಒಂದು ದಿನ ಬರದಿದ್ದರೆ ಅದಕ್ಕೆ ರೋಗವೆಂದು ತಿಳಿದು ಪಶುವೈದ್ಯರಿಗೆ ಸೂಚನೆ ಹೋಗುತ್ತಿತ್ತು. ನಾಲ್ಕು ತಾಲೂಕಿನ ಹಾಲು ಒಂದೇ ದಿನ ನಿಂತರೆ ಯಂತ್ರ ಏನೆಂದುಕೊಳ್ಳಬೇಕು? ಹೋಲ್ಮ್ ತಲೆಯಾಡಿಸಿ ಕೇಳಿಸಿಕೊಂಡರು. ತೊಂದರೆ ಇಲ್ಲ ಎಂದರು.

ಮಧ್ಯಾಹ್ನದ ಊಟ ಕಪ್ಪನೆಯ ತಣ್ಣನೆಯ ರೊಟ್ಟಿ. ಅದರ ಮೇಲೆ ಮೀನು, ಮಾಂಸ, ತತ್ತಿ ಜೋಡಿಸಿದ್ದರು. ನನ್ನ ಪಾಲಿಗೆ ಬಂದದ್ದು ಸವತೆಕಾಯಿ. ಗೌಡರು ಲಿಂಗವಂತರು, ಅವರದ್ದೂ ಸವತೆಕಾಯಿಯೇ. ಅವರು ಖಾರದ ಪೊಟ್ಟಣ ಬಿಚ್ಚಿ ರೊಟ್ಟಿಯ ಮೇಲೆ ಉದುರಿಸಿಕೊಂಡು ಹೋಲ್ಮರ ಕಡೆಗೂ ಚಾಚಿದರು. ಹೋಲ್ಮ್ ಬಾಯಿ ತುಂಬಾ ಹಾಕಿಕೊಂಡರು. ಮುಖ ಕೆಂಪೇರಿತು, ಕಣ್ಣಲ್ಲಿ ನೀರು ಬಂತು. ಕರವಸ್ತ್ರದಿಂದ ಒರೆಸಿಕೊಳ್ಳುತ್ತ, ತೊಂದರೆ ಇಲ್ಲ ಎಂದರು.

ಸಂಜೆ ಹೋಟೆಲಿನ ಕಿಟಕಿಯಲ್ಲಿ ಇನ್ನೂ ಬಿಸಿಲಿತ್ತು. ಎರಡು ದಿನದ ಪ್ರಯಾಣಕ್ಕೆ ಊದಿದ ಕಾಲನ್ನು ಕುರ್ಚಿಯ ಮೇಲಿಟ್ಟುಕೊಂಡು ಗೌಡರು ಹೇಳಿದರು: "ಮನುಷ್ಯಾ ಕೆಟ್ಟಾವಲ್ಲ. ಆದ್ರ ಒಂದಕ್ಕರ ಆಗಂಗಿಲ್ಲ ಅನ್ನವಲ್ಲ. ಎತ್ತು ಮಾರಾವ ಒಂದ್ ಐಬು ತಾನ ತೋರಿಸಿದ್ರ ಉಳಿದಿದ್ದು ನಂಬಬಹುದು. ಏನೂ ಐಬಿಲ್ಲ ಅಂದ್ರ ಹಲ್ಲು ನೋಡಬೇಕಾಗ್ತೈತಿ."

"ಇಲ್ಲಿ ಹಲ್ಲು ಯಾವುದ್ರಿ ಗೌಡ್ರ?"

"ಅದನ್ನ ನಾಳೆ ನೋಡೂಣು. ನಮ್ಮಲ್ಲಿ ಬೀಗತನ ಮಾಡೂದಕ್ಕಿಂತ ಮುಂಚೆ ಏನ್ ಮಾಡ್ತೀವಿ? ಆ ಮನೀ ಬಿಟ್ಟು ಆಜುಬಾಜು ಮನಿಯಾಗ ನೀರ ಕುಡಿಯಾಕ ಹೋಗ್ತೀವಿ."

ಎದುರಿನ ಬೇಕರಿ

ಮರುದಿನ ಗಾಜಿನ ಕಟ್ಟಡದ ಎದುರಿಗಿದ್ದ ಬೇಕರಿಗೆ ಹೋದೆವು. ಆಚೆ ಗಾಳಿ ಚಾಕುವಿನಂತೆ ಬೀಸುತ್ತಿತ್ತು. ಬಾಗಿಲ ಹೊರಗೆ ಒಂದು ತಳ್ಳುಗಾಡಿ, ಅದರಲ್ಲಿ ಮಲಗಿದ ಕೂಸು. ಸುತ್ತ ಯಾರೂ ಇಲ್ಲ. ಗೌಡರು ಅಲ್ಲೇ ನಿಂತರು.

"ಯಾರ ಕೂಸಿದು? ಬಿಟ್ಟು ಹೋಗ್ಯಾರಲ್ರಿ!"

ತಾಯಿ ಒಳಗೆ ಕಾಫಿ ಕುಡಿಯುತ್ತಿರಬಹುದು ಎಂದೆ. ಇಲ್ಲಿ ಹಾಗೆ ಬಿಡುವುದು ರೂಢಿಯೆಂದು ವಿಮಾನದಲ್ಲಿ ಒಬ್ಬರು ಹೇಳಿದ್ದರು. ಗೌಡರಿಗೆ ನಂಬಿಕೆ ಬರಲಿಲ್ಲ. "ನೀವು ಒಳಗ ಹೋಗಿ ಕೇಳಿ ಬರ್ರಿ, ನಾ ಇಲ್ಲೇ ಕಾಯ್ತೇನಿ. ನಾಯಿಗೀಯಿ ಬಂದ್ರ?" ಎಂದು ಹೆಗಲ ಶಾಲನ್ನು ತಲೆಗೆ ಸುತ್ತಿಕೊಂಡು ಗಾಡಿಯ ಹಿಡಿಕೆ ಹಿಡಿದು ನಿಂತರು.

ನಾನು ಒಳಗೆ ಹೋಗಿ ಒಂದು ಬನ್ನು ಕೊಂಡು ಬೇಕರಿಯ ಹೆಂಗಸನ್ನು ಕೇಳಿದೆ: ಎದುರಿನ ಕಂಪನಿಯವರು ಎಂಥ ಜನ? ಎಷ್ಟು ವರ್ಷದಿಂದ ಇದ್ದಾರೆ? ಕೆಲಸಗಾರರು ಬಂದ ಹಾಗೆ ಬಿಟ್ಟು ಹೋಗುತ್ತಾರೋ, ಉಳಿಯುತ್ತಾರೋ? ಜಗಳ ಗಿಗಳ ಇದೆಯೇ? ಹಾನಗಲ್ಲಿನಲ್ಲೋ ಸವಣೂರಿನಲ್ಲೋ ಇಷ್ಟು ಕೇಳಿದರೆ ಚಹಾ ಕೊಟ್ಟು ಒಂದು ಪುರಾಣ ಹೇಳುತ್ತಿದ್ದರು. ಆಕೆ ನನ್ನನ್ನು ನೋಡಿದಳು. ಕಿಟಕಿಯ ಹೊರಗೆ ತಲೆಗೆ ಶಾಲು ಸುತ್ತಿ ಕೂಸಿನ ಗಾಡಿ ಹಿಡಿದು ನಿಂತ ಮೀಸೆಯವರನ್ನು ನೋಡಿದಳು. ಡೇನಿಷ್ ಭಾಷೆಯಲ್ಲಿ ಜೋರಾಗಿ ಏನೋ ಕೂಗಿದಳು. ಮೂಲೆಯ ಮೇಜಿನಿಂದ ಒಬ್ಬ ತಾಯಿ ಕುರ್ಚಿ ಬೀಳಿಸಿ ಹೊರಗೆ ಓಡಿದಳು. ಬೇಕರಿಯವಳ ಕೈ ಟೆಲಿಫೋನಿನ ಮೇಲಿತ್ತು.

ಪುಣ್ಯಕ್ಕೆ ಆಕೆ ಫೋನು ಮಾಡಿದ್ದು ಪೊಲೀಸರಿಗಲ್ಲ, ಎದುರಿನ ಕಟ್ಟಡಕ್ಕೆ. ಹೋಲ್ಮ್ ಕೋಟು ಹಾಕಿಕೊಳ್ಳದೆ ರಸ್ತೆ ದಾಟಿ ಬಂದರು. ತಾಯಿಗೆ ಸಮಾಧಾನ ಹೇಳಿದರು. ಗೌಡರು ಕೈಮುಗಿದು, "ನಾ ಕಾವಲ ನಿಂತಿದ್ನವ್ವಾ" ಎಂದರು. ನಾನು ಅದನ್ನು ಇಂಗ್ಲಿಷಿಗೆ ದಾಟಿಸಿದೆ. ಅರ್ಥ ಮುಟ್ಟಿತು, ಸಮಾಧಾನ ಮುಟ್ಟಲಿಲ್ಲ. ಆಕೆ ಗಾಡಿ ತಳ್ಳಿಕೊಂಡು ಬಿರಬಿರನೆ ಹೋದಳು.

ಹೋಲ್ಮರ ಮುಖದಲ್ಲಿ ಅವತ್ತು ನಗೆ ಇರಲಿಲ್ಲ.

"ನಮ್ಮ ಬಗ್ಗೆ ತಿಳಿಯಬೇಕಿದ್ದರೆ ನಮ್ಮನ್ನೇ ಕೇಳಬಹುದಿತ್ತು. ಇಲ್ಲಿ ಹೀಗೆ ವಿಚಾರಿಸುವವರು ಪೊಲೀಸರು ಮಾತ್ರ."

ನಮ್ಮ ಕಡೆ ಸಂಬಂಧ ಕೂಡಿಸುವ ಮುನ್ನ ನಡೆಸುವ ವಿಚಾರಣೆಯ ಬಗ್ಗೆ ನಾನು ಹೇಳಿದೆ. ಅವರು ಪೂರ್ತಿ ಕೇಳಿಸಿಕೊಂಡು, ತಮ್ಮ ಪ್ರೋಗ್ರಾಮ್ ಬಳಸುತ್ತಿರುವ ಮೂರು ಹಾಲಿನ ಕೇಂದ್ರಗಳ ಹೆಸರು ಕೊಟ್ಟರು. ಬೇಕಿದ್ದರೆ ತಾವೇ ಕಾರಿನಲ್ಲಿ ಕರೆದುಕೊಂಡು ಹೋಗುವುದಾಗಿ ಹೇಳಿದರು. ಅಪಮಾನವಾದ ಮೇಲೂ ಅಷ್ಟು ಮರ್ಯಾದೆ ಉಳಿಸಿಕೊಂಡದ್ದನ್ನು ಇಲ್ಲಿ ದಾಖಲಿಸಬೇಕು.

"ಅವ್ರು ಕರಕೊಂಡ ಹ್ವಾದ ಮನಿಯಾಗ ಅವ್ರ ಹೊಗಳಿಕಿನ ಕೇಳಸ್ತೈತಿ" ಎಂದರು ಗೌಡರು, ಹೊರಗೆ ಬಂದ ಮೇಲೆ. "ಆ ಮೂರು ಬಿಟ್ಟು ನಾಲ್ಕನೇದ್ದಕ್ಕ ಹೋಗೂಣು."

ನಾಲ್ಕನೆಯದು ಸಿಕ್ಕಿದ್ದು ಕಂಪನಿಯ ಹಳೆಯ ಜಾಹೀರಾತು ಪುಸ್ತಿಕೆಯ ಚಿತ್ರದಲ್ಲಿ. ಚಿತ್ರದ ಕೆಳಗೆ ಊರಿನ ಹೆಸರಿತ್ತು.

ಬಸ್ಸಿನ ಕೊನೆಯ ನಿಲ್ದಾಣ

ಮೊದಲು ಎದುರು ದಿಕ್ಕಿನ ಬಸ್ಸು ಹತ್ತಿದೆವು. ಚಾಲಕ ಊರಿನ ಹೆಸರು ಬರೆದ ನಮ್ಮ ಚೀಟಿ ನೋಡಿದ, ಏನೂ ಹೇಳಲಿಲ್ಲ. ತಪ್ಪು ಬಸ್ಸು ಹತ್ತುವುದೂ ಪ್ರಯಾಣಿಕನ ಸ್ವಂತ ವಿಷಯ ಎಂದು ಈ ದೇಶದವರು ಭಾವಿಸುತ್ತಾರೆ. ನಮ್ಮ ಕಂಡಕ್ಟರ್ ಆಗಿದ್ದರೆ ಅಪ್ಪ ಅಜ್ಜನನ್ನು ನೆನೆಸಿ ಬೈದು, ಮುಂದಿನ ಸ್ಟಾಪಿನಲ್ಲಿ ಇಳಿಸಿ, ಸರಿಯಾದ ಬಸ್ಸಿಗೆ ಕೈ ಮಾಡಿ ಹತ್ತಿಸಿ ಕಳಿಸುತ್ತಿದ್ದ. ಕೊನೆಯ ನಿಲ್ದಾಣದಲ್ಲಿ ಕಡಲಿತ್ತು, ಒಂದು ಬೆಂಚಿತ್ತು. ಮರಳುವ ಬಸ್ಸಿಗಾಗಿ ಬಹಳ ಹೊತ್ತು ಕೂತೆವು. ಗೌಡರು ಎರಡು ಜೊತೆ ಕಾಲುಚೀಲ ಹಾಕಿದ್ದರು. ಆದರೂ ಬೆರಳು ಜೋಮು ಹಿಡಿದಿದ್ದವು.

"ಮನ್ಯಾಗ ಆರಾಮ ಇದ್ದೆ" ಎಂದರು. ಆಮೇಲೆ, "ಇಲ್ಲ, ಆರಾಮ ಇರಲಿಲ್ಲ ಬಿಡ್ರಿ" ಎಂದರು.

ಹಾಲಿನ ಕೇಂದ್ರ ತಲುಪಿದಾಗ ಮಧ್ಯಾಹ್ನ ದಾಟಿತ್ತು. ಅಲ್ಲಿನ ಮೇಲ್ವಿಚಾರಕ ನಿವೃತ್ತಿಗೆ ಹತ್ತಿರವಾದ ಮನುಷ್ಯ, ಬಿಳಿ ಮೇಲಂಗಿ, ರಬ್ಬರ್ ಬೂಟು. ಹೇಳದೆ ಬಂದದ್ದಕ್ಕೆ ಮೊದಲು ಹುಬ್ಬು ಗಂಟಿಕ್ಕಿದರು. ಗೌಡರು ಒಂದು ಕ್ಯಾನಿನ ಮುಚ್ಚಳ ತೆಗೆದು ಮೂಸಿ, "ಹೊಸದಾಗಿ ಈದ ಹಸುವಿನ ಹಾಲು ಕೂಡೇತಿ ಇದ್ರಾಗ" ಎಂದರು. ನಾನು ಹೇಳಿದೆ. ಅವರು ತಾವೂ ಮೂಸಿ ನೋಡಿ, ಇರಲಾರದು ಎಂದರು. ಇಬ್ಬರೂ ಆ ವಿಷಯಕ್ಕೆ ಸ್ವಲ್ಪ ಹೊತ್ತು ವಾದ ಮಾಡಿದರು. ಯಾರು ಗೆದ್ದರೆಂದು ನನಗೆ ತಿಳಿಯಲಿಲ್ಲ. ಆದರೆ ಆಮೇಲೆ ಕಾಫಿ ಬಂತು.

ಪ್ರೋಗ್ರಾಮ್ ಚೆನ್ನಾಗಿದೆ ಎಂದರು ಅವರು. ಮೊದಲ ವರ್ಷ ಬಹಳ ಕಾಡಿತು. ಮಾರಲು ಬಂದವರು ಮಾರಿದ ಮೇಲೆ ಮತ್ತೆ ಬರಲಿಲ್ಲ.

"ಹಾಗಾದರೆ ಸರಿಮಾಡಿದ್ದು ಯಾರು?"

"ಕಾರೆನ್. ಅದನ್ನು ಬರೆದದ್ದೇ ಅವರು. ಇಲ್ಲಿ ಬಂದು ವಾರಗಟ್ಟಲೆ ಕೂತರು. ಹಾಲು ಹೇಗೆ ಬರುತ್ತದೆ ಎಂದು ನೋಡಿದರು, ಆಮೇಲೆ ಅರ್ಧವನ್ನು ಅಳಿಸಿ ಹೊಸದಾಗಿ ಬರೆದರು. ಈಗ ಏನಾದರೂ ಆದರೆ ನಾವು ಕಂಪನಿಗೆ ಫೋನು ಮಾಡುವುದಿಲ್ಲ, ಕಾರೆನ್‌ಗೆ ಮಾಡುತ್ತೇವೆ."

ಕಂಪನಿಯಲ್ಲಿ ಕಳೆದ ಹೊತ್ತಿನಲ್ಲೆಲ್ಲ ಈ ಹೆಸರನ್ನು ನಾವು ಒಮ್ಮೆಯೂ ಕೇಳಿರಲಿಲ್ಲ. ಗೌಡರಿಗೆ ಹೇಳಿದೆ. ಅವರು ಕಾಫಿಯ ಬಟ್ಟಲು ಕೆಳಗಿಟ್ಟರು.

"ಮನಿ ತೋರಿಸಿದ್ರು, ಕಾಕಾನ್ನ ತೋರಿಸಿದ್ರು, ಹಿತ್ತಲಾ ತೋರಿಸಿದ್ರು. ಹೆಣ್ಣ ತೋರಿಸಲಿಲ್ಲ ನೋಡ್ರಿ!"

ಮತ್ತೆ ಗಾಜಿನ ಕಟ್ಟಡ

ಸಹಿಯ ದಿನ. ಮೇಜಿನ ಮೇಲೆ ಕರಾರು ಪತ್ರ, ಪೆನ್ನು, ಉರಿಯುವ ಬತ್ತಿ. ಗೌಡರು ಕೂತ ಕೂಡಲೇ ಕಾರೆನ್ ಅವರನ್ನು ನೋಡಬೇಕು ಎಂದರು. ಹೋಲ್ಮ್ ನನ್ನತ್ತ ನೋಡಿದರು. ಹೆಸರು ಎಲ್ಲಿಂದ ಬಂತೆಂದು ಕೇಳಲಿಲ್ಲ. ಪ್ರೋಗ್ರಾಮ್ ಕಂಪನಿಯದು, ಒಬ್ಬ ವ್ಯಕ್ತಿಯದಲ್ಲ ಎಂದರು. ಗೌಡರು ಕೈ ಕಟ್ಟಿಕೊಂಡು ಕೂತರು. ಐದು ನಿಮಿಷ ಕಳೆದ ಮೇಲೆ ಹೋಲ್ಮ್ ಫೋನು ಎತ್ತಿದರು.

ಕಾರೆನ್ ಕೆಳಗಿನ ಅಂತಸ್ತಿನಿಂದ ಬಂದರು. ಐವತ್ತರ ಹೆಂಗಸು, ಮನೆಯಲ್ಲೇ ಹೆಣೆದ ಸ್ವೆಟರು, ಕೊರಳಿಗೆ ದಾರ ಕಟ್ಟಿದ ಕನ್ನಡಕ. ಕಾಫಿಯ ಬಟ್ಟಲು ಕೈಯಲ್ಲೇ ಇತ್ತು.

"ತಂಗೀ, ಅಮಾಸಿದ ಸುದ್ದಿ ನಿನಗ ಹೇಳ್ಯಾರೇನವಾ?" ಎಂದು ಗೌಡರು ನೇರವಾಗಿ ಕನ್ನಡದಲ್ಲೇ ಕೇಳಿದರು. ನಾನು ಇಂಗ್ಲಿಷಿನಲ್ಲಿ ಕೇಳಿದೆ.

ಯಾವ ಸುದ್ದಿ ಎಂದರು ಕಾರೆನ್. ಹೋಲ್ಮ್, ಅದೆಲ್ಲ ನಂತರದ ಹಂತದಲ್ಲಿ ಎಂದರು. ನಾನು ಮತ್ತೆ ಎಲ್ಲ ವಿವರಿಸಿದೆ. ಕಾರೆನ್ ಬಟ್ಟಲು ಮೇಜಿನ ಮೇಲಿಟ್ಟರು.

"ಆ ದಿನದ ಹಾಲು ಏನಾಗುತ್ತದೆ?"

ಅಲ್ಲಿಯವರೆಗೆ ಯಾರೂ ಇದನ್ನು ಕೇಳಿರಲಿಲ್ಲ. ಗೌಡರು ಕುರ್ಚಿಯಲ್ಲಿ ಮುಂದೆ ಸರಿದರು. "ಹುಡುಗ್ರು ಕುಡೀತಾವು. ಹೆಪ್ಪು ಹಾಕ್ತಾರ. ಇಲ್ಲದವ್ರಿಗೆ ಕೊಡ್ತಾರ. ಮಾರಂಗಿಲ್ಲ, ಅಷ್ಟ."

"ಎಲ್ಲ ಮನೆಯಲ್ಲೂ ಹಾಗೆಯೇ?"

"ಹೂಂ, ಎಲ್ಲಾ..." ಎಂದವರು ನಿಂತರು. "ತಡೀರಿ, ತಡೀರಿ. ಸವಣೂರಾಗ ಸಾಬರ ಮನಿ ಹಾಲು ಆವತ್ತೂ ಬರ್ತಾವು. ನಮ್ಮವರೊಳಗೂ ಕೆಲವ್ರು ಈಗ ಹಾಕಾಕತ್ತಾರ, ಸಪ್ಪಳ ಇಲ್ದಂಗ."

ಕಾರೆನ್ ಕನ್ನಡಕ ಏರಿಸಿಕೊಂಡು ಕರಾರು ಪತ್ರವನ್ನು ತಮ್ಮತ್ತ ಎಳೆದುಕೊಂಡರು.

"ಹಾಗಾದರೆ ಊರಿಗೊಂದು ನಿಯಮ ಇಲ್ಲ, ಮನೆಗೊಂದು. ಇದು ಮೂರು ತಿಂಗಳಲ್ಲಿ ಆಗುವುದಿಲ್ಲ. ನೋಡದೆ ಬರೆದರೆ ನಾನು ತಪ್ಪೇ ಬರೆಯುತ್ತೇನೆ."

ಕರಾರಿನಲ್ಲಿ ಮೂರು ತಿಂಗಳು ಎಂದಿತ್ತು. ಹೋಲ್ಮರ ಕಿವಿ ಕೆಂಪಾಯಿತು. ಗೌಡರು ವಾರದಲ್ಲಿ ಮೊದಲ ಸಲ ನಕ್ಕರು. "ಕೇಳಿದ್ರ್ಯಾ ಆಚಾರ್ರ? ಒಬ್ಬಾಕಿರ ಆಗಂಗಿಲ್ಲ ಅಂದ್ಲು."

ಆಮೇಲಿನ ಮಾತು ದೀರ್ಘವಾಗಿತ್ತು, ದಣಿಸಿತು. ಕಾರೆನ್ ಬಂದು ನಮ್ಮ ಹಳ್ಳಿಗಳಲ್ಲಿ ಇದ್ದು ನೋಡಿ, ಆಮೇಲೆ ಬರೆಯಬೇಕು. ಹಾಗೆಂದು ಕರಾರಿನಲ್ಲಿ ಬರೆಯಿರಿ ಎಂದು ಗೌಡರು. ವ್ಯಕ್ತಿಯ ಹೆಸರು ಕರಾರಿನಲ್ಲಿ ಹಾಕಲಾಗದು, ನಾಳೆ ಅವರು ಕಾಯಿಲೆ ಬೀಳಬಹುದು, ಕೆಲಸ ಬಿಡಬಹುದು ಎಂದು ಹೋಲ್ಮ್. "ಅದೂ ಖರೇನ" ಎಂದು ಗೌಡರು ಒಪ್ಪಿದರು. ಆದರೆ ಪೆನ್ನು ಮುಟ್ಟಲಿಲ್ಲ. ಇವತ್ತು ಸಹಿಯಾಗದಿದ್ದರೆ ನೆರವು ಹೋಗುತ್ತದೆ ಎಂದು ಹೋಲ್ಮ್ ನೆನಪಿಸಿದರು. ಅದರಲ್ಲಿ ಬೆದರಿಕೆ ಇರಲಿಲ್ಲ. ಇದ್ದ ಸಂಗತಿ ಹೇಳಿದರು. ಗೌಡರು ಎದ್ದು ಕೈಮುಗಿದರು.

ಮೆಟ್ಟಿಲು ಇಳಿಯುವಾಗ ಅವರ ಮೊಣಕಾಲು ಹಿಡಿಯಿತು. ಮಧ್ಯದ ಮೆಟ್ಟಿಲ ಮೇಲೆ ಕೂತುಬಿಟ್ಟರು. ನಾನೂ ಪಕ್ಕದಲ್ಲಿ ಕೂತೆ. ಗಾಜಿನಾಚೆ ಸೈಕಲ್ಲುಗಳು ಹೋಗುತ್ತಿದ್ದವು.

"ಊರಾಗ ಏನ್ ಹೇಳ್ತೀರಿ?" ಎಂದೆ.

"ಬರಿಗೈಲೆ ಬಂದೇನಿ ಅಂತ ಹೇಳೂದು. ಬೈತಾರ. ಬೈಲಿ." ಮೊಣಕಾಲು ತಿಕ್ಕಿಕೊಂಡರು. "ತಡಾ ಆಗಿ ಖರೇ ಹೇಳಿದ್ರ ನಂಬವಲ್ರು. ಲಗೂನ ಸುಳ್ಳು ಹೇಳಿದ್ರ ನಂಬ್ತಾರೇನು? ಯಂತ್ರದ್ದೂ ಸುಳ್ಳು ಅಂತ ಒಮ್ಮೆ ಅನಿಸಿದ್ರ, ಹಾಲು ಹಾಕಾಕ ಯಾರೂ ಬರಂಗಿಲ್ರಿ. ಆವಾಗ ಮತ್ತ ಯಾವ ದೇಶಕ್ಕ ಹೋಗ್ಲಿ?"

ಮೇಲಿನಿಂದ ಹೆಜ್ಜೆಯ ಸಪ್ಪಳ ಬಂತು. ಕಾರೆನ್, ಕೈಯಲ್ಲಿ ಕೋಟು. ಹೋಲ್ಮ್ ನೆರವಿನ ಕಚೇರಿಗೆ ಫೋನು ಮಾಡುತ್ತಿದ್ದಾರೆ, ಸ್ವಲ್ಪ ಗಡುವು ಕೇಳುತ್ತಿದ್ದಾರೆ; ಸಿಗುತ್ತದೋ ಇಲ್ಲವೋ ಗೊತ್ತಿಲ್ಲ ಎಂದರು. ಆಮೇಲೆ ಕೇಳಿದರು: "ನಿಮ್ಮ ಕಡೆ ಸೆಕೆ ಕಡಿಮೆ ಇರುವ ತಿಂಗಳು ಯಾವುದು?"

ಗೌಡರಿಗೆ ಹೇಳಿದೆ. ಅವರು ಕಾರೆನ್ ಕಡೆ ತಿರುಗಿ ಕೂತರು.

"ಶ್ರಾವಣ ಅನ್ರಿ. ಆದ್ರ ಆವಾಗ ಹಾದಿ ತುಂಬಾ ಕೆಸರು ಅನ್ರಿ. ಸೊಳ್ಳಿ ಕಡೀತಾವು. ನಮ್ಮ ಊಟ ಇವ್ರಿಗೆ ಒಗ್ಗಂಗಿಲ್ಲ. ಎಲ್ಲಾ ಹೇಳ್ರಿ, ಏನೂ ಮುಚ್ಚಬ್ಯಾಡ್ರಿ."

ನಾನು ಒಂದೊಂದಾಗಿ ಹೇಳಿದೆ. ಕಾರೆನ್ ತಲೆಯಾಡಿಸಿದರು.

"ಮತ್ತ, ಎರಡು ಊರು ಆಗಲೇ ನಮ್ಮನ್ನ ಬಿಟ್ಟು ಹೋಗ್ಯಾವು ಅಂತನೂ ಹೇಳ್ರಿ."

ಈ ಮಾತನ್ನು ಗೌಡರು ಆ ದೇಶದಲ್ಲಿ ಯಾರ ಮುಂದೆಯೂ ಆಡಿರಲಿಲ್ಲ. ನಾನು ಅದನ್ನೂ ಹೇಳಿದೆ. ಕಾರೆನ್ ಕೋಟನ್ನು ಮಡಿಲಲ್ಲಿಟ್ಟುಕೊಂಡು ನಮ್ಮ ಕೆಳಗಿನ ಮೆಟ್ಟಿಲ ಮೇಲೆ ಕೂತರು.

"ಯಾಕೆ ಬಿಟ್ಟು ಹೋದರು? ಮೊದಲಿನಿಂದ ಹೇಳಿ" ಎಂದರು.